ಯಾರ ಕೋಣೆಯ ತಾಪಮಾನ?

ನನಗೆ ರಸಾಯನಶಾಸ್ತ್ರದಲ್ಲಿ ಆದ ಮೊದಲ ಅವಮಾನ 25 ಸೆಕೆಂಡಿನದು.

ಪದವಿಯ ಎರಡನೆಯ ವರ್ಷ. ಊರಿನ ಹೆಸರು ಇನ್ನೂ ಗುಲಬರ್ಗಾ ಆಗಿದ್ದ ಕಾಲ. ಏಪ್ರಿಲ್ ಕೊನೆಯ ವಾರದಲ್ಲಿ ಪ್ರಾಯೋಗಿಕ ಪರೀಕ್ಷೆ. ಪ್ರಯೋಗಶಾಲೆಯ ಕಿಟಕಿಗಳಿಂದ ಒಳಗೆ ಬರುತ್ತಿದ್ದದ್ದು ಗಾಳಿಯಲ್ಲ, ಒಲೆಯ ಬಾಯಿಯ ಝಳ. ಚೀಟಿಯಲ್ಲಿ ನನಗೆ ಬಂದದ್ದು ಎಲ್ಲರೂ ಬಯಸುವ ಸುಲಭದ ಪ್ರಯೋಗ. ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಗುಣಾಕಾರದ ಗುರುತು ಹಾಕಿ, ಅದರ ಮೇಲೆ ಗಾಜಿನ ಕುಪ್ಪಿ ಇಟ್ಟು, ಕುಪ್ಪಿಯಲ್ಲಿರುವ ಸೋಡಿಯಂ ಥಯೋಸಲ್ಫೇಟ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸುರಿಯಬೇಕು. ಮೊದಲು ಏನೂ ಆಗುವುದಿಲ್ಲ. ನಂತರ ಗಂಧಕದ ಸಣ್ಣ ಕಣಗಳು ಹುಟ್ಟಿ ದ್ರಾವಣ ತಿಳಿ ಮಜ್ಜಿಗೆಯಂತೆ ಮಬ್ಬಾಗುತ್ತದೆ, ಮೂಗಿಗೆ ಸುಟ್ಟ ಬೆಂಕಿಕಡ್ಡಿಯ ಘಾಟು ಅಡರುತ್ತದೆ. ಕೆಳಗಿನ ಗುರುತು ಕಣ್ಣಿಗೆ ಕಾಣದಂತಾದ ಗಳಿಗೆಗೆ ಗಡಿಯಾರ ನಿಲ್ಲಿಸಬೇಕು. ಅಷ್ಟೇ ಕೆಲಸ.

ಹಿಂದಿನ ವರ್ಷಗಳ ಪ್ರಯೋಗ ಪುಸ್ತಕಗಳ ಪ್ರಕಾರ ಅದಕ್ಕೆ ಸುಮಾರು 60 ಸೆಕೆಂಡು ಬೇಕು. ನನಗೆ ಬಂದದ್ದು 25. ಮತ್ತೊಮ್ಮೆ ಮಾಡಿದೆ, 24. ಅದೇ ಪ್ರಯೋಗ ಬಂದಿದ್ದ ಪಕ್ಕದ ಮೇಜಿನ ಗೆಳೆಯ ತನ್ನ ಕುಪ್ಪಿಯ ಕಡೆ ಹೆಚ್ಚು ನೋಡದೆ 58 ಎಂದು ಬರೆದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ 25ರ ಮೇಲೆ ಕೆಂಪು ಗೆರೆ ಎಳೆದು, "ಗಡಿಯಾರ ನೋಡಲು ಬರುವುದಿಲ್ಲವೇನಪ್ಪ?" ಎಂದು ಕೇಳಿ ಮುಂದೆ ಹೋದರು. ಗೆಳೆಯನಿಗೆ ಪೂರ್ತಿ ಅಂಕ ಬಂತು.

ಆ ಗೆಳೆಯ ಈಗ ಬೇಳೆ ವ್ಯಾಪಾರದಲ್ಲಿ ಚೆನ್ನಾಗಿದ್ದಾನೆ. ನಾನು ರಸಾಯನಶಾಸ್ತ್ರದ ಮೇಷ್ಟ್ರಾದೆ. ಪ್ರತಿ ವರ್ಷ "ರಾಸಾಯನಿಕ ಕ್ರಿಯೆಯ ವೇಗದ ಮೇಲೆ ಪರಿಣಾಮ ಬೀರುವ ಅಂಶಗಳು" ಎಂಬ ಪಾಠಕ್ಕೆ ಬಂದಾಗ ಆ ಕೆಂಪು ಗೆರೆ ನೆನಪಾಗುತ್ತದೆ. ಐದು ಅಂಕದ ಪ್ರಶ್ನೆ ಅದು. ತಾಪಮಾನ, ಪ್ರತಿವರ್ತಕಗಳ (ಎಂದರೆ ಕ್ರಿಯೆಗೆ ಇಳಿಯುವ ವಸ್ತುಗಳ) ಸಾರತೆ, ಮೇಲ್ಮೈ ವಿಸ್ತೀರ್ಣ, ಪ್ರತಿವರ್ತಕಗಳ ಸ್ವಭಾವ, ವೇಗವರ್ಧಕ. ಅನಿಲಗಳಾದರೆ ಒತ್ತಡವೂ ಸೇರಿತು. ಮಕ್ಕಳು ಇದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಅವರಿಗೆ ಬರದೇ ಇರುವುದು, ನನಗೂ ಬಹಳ ತಡವಾಗಿ ಬಂದದ್ದು, ಬೇರೆಯೇ ಒಂದು ಪ್ರಶ್ನೆ. ಪುಸ್ತಕದಲ್ಲಿ "ಕೋಣೆಯ ತಾಪಮಾನದಲ್ಲಿ" ಎಂದು ಬರೆದಿರುತ್ತದಲ್ಲ, ಅದು ಯಾರ ಕೋಣೆ?

ಆ ಕೋಣೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕಲಬುರಗಿಯಲ್ಲಿ ಅಂಥ ಕೋಣೆ ಡಿಸೆಂಬರ್ ಜನವರಿಯಲ್ಲಿ ಸಿಗುತ್ತದೆ. ಮೇ ತಿಂಗಳಲ್ಲಿ ಬೇಕೆಂದರೆ ಬ್ಯಾಂಕಿನ ಎಟಿಎಂ ಒಳಗೆ ಹೋಗಿ ನಿಲ್ಲಬೇಕು. ಹೊರಗೆ 43 ಇದ್ದ ದಿನ ನಮ್ಮ ಪ್ರಯೋಗಶಾಲೆಯೊಳಗೆ ಆರಾಮವಾಗಿ 39 ಇರುತ್ತದೆ. ಮಾಳಿಗೆಯ ಮೇಲಿನ ಕಪ್ಪು ಟಾಕಿಯಿಂದ ಇಳಿದು ಬರುವ ನಳದ ನೀರಂತೂ ಮಧ್ಯಾಹ್ನದ ಹೊತ್ತಿಗೆ ಸ್ನಾನಕ್ಕೆ ಹದವಾಗಿರುತ್ತದೆ. ಆ ನೀರಿನಲ್ಲೇ ನಾವು ದ್ರಾವಣ ಕಲಸುತ್ತಿದ್ದೆವು.

ಕ್ರಿಯೆಯ ವೇಗಕ್ಕೂ ತಾಪಮಾನಕ್ಕೂ ಇರುವ ನಂಟನ್ನು ಲೆಕ್ಕಕ್ಕೆ ತಂದವರು ತಂಪು ನಾಡಿನವರು. ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ವಾಂಟ್ ಹಾಫ್ 1884ರಲ್ಲಿ ಇದರ ಬಗ್ಗೆ ಬರೆದರು. ಸ್ವೀಡನ್ನಿನ ಅರ್ಹೇನಿಯಸ್ 1889ರಲ್ಲಿ ಅದಕ್ಕೆ ಇವತ್ತಿಗೂ ಬಳಕೆಯಲ್ಲಿರುವ ಸಮೀಕರಣ ಕೊಟ್ಟರು. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ವಾಂಟ್ ಹಾಫರಿಗೆ ಸಂದಿತು, ಎರಡೇ ವರ್ಷಕ್ಕೆ ಅರ್ಹೇನಿಯಸ್ ಸರದಿ ಬಂತು. ಇವರ ಕೆಲಸದಿಂದ ಹುಟ್ಟಿದ ಒಂದು ಒರಟು ಲೆಕ್ಕ ಮೇಷ್ಟ್ರುಗಳ ಬಾಯಲ್ಲಿ ಉಳಿದಿದೆ: ತಾಪಮಾನ ಹತ್ತು ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾದರೆ 25ರ ಕೋಣೆಯಲ್ಲಿ 60 ಸೆಕೆಂಡು ತೆಗೆದುಕೊಂಡ ಕ್ರಿಯೆ 39ರ ಕೋಣೆಯಲ್ಲಿ ಎಷ್ಟು ತೆಗೆದುಕೊಳ್ಳಬೇಕು? ಸುಮಾರು 23 ಸೆಕೆಂಡು, ನನ್ನ 24, 25ಕ್ಕೆ ತೀರ ಹತ್ತಿರ. ನನ್ನ ಗಡಿಯಾರ ಸರಿಯಾಗಿತ್ತು.

ಈ "ಹತ್ತು ಡಿಗ್ರಿಗೆ ಎರಡು ಪಟ್ಟು" ಎಂಬ ಮಾತನ್ನು ಮಕ್ಕಳು ತಕರಾರಿಲ್ಲದೆ ಬರೆದುಕೊಳ್ಳುತ್ತಾರೆ. ತಕರಾರು ಮಾಡಬೇಕು. ತಾಪಮಾನವೆಂದರೆ ಅಣುಗಳ ಓಡಾಟದ ಶಕ್ತಿಯ ಅಳತೆ ಎನ್ನುತ್ತೇವೆ. 27 ಡಿಗ್ರಿ ಎಂದರೆ ಕೆಲ್ವಿನ್ ಲೆಕ್ಕದಲ್ಲಿ 300; 37 ಎಂದರೆ 310. ಅಣುಗಳ ಸರಾಸರಿ ಶಕ್ತಿ ಏರಿದ್ದು ನೂರಕ್ಕೆ ಮೂರರಷ್ಟು. ಮೂರು ಪೈಸೆ ಹಾಕಿದರೆ ರೂಪಾಯಿ ಎರಡು ರೂಪಾಯಿ ಆಗುವುದು ಹೇಗೆ? ನಮ್ಮ ಕಡೆ ಅಂಥ ಆಸೆ ತೋರಿಸಿದ ಚೀಟಿ ವ್ಯವಹಾರಗಳೆಲ್ಲ ಮುಳುಗಿದ್ದನ್ನು ಕಂಡಿದ್ದೇವೆ.

ಇದನ್ನು ನನಗೆ ಬಿಡಿಸಿ ತೋರಿಸಿದ್ದು ಶರಣಬಸವೇಶ್ವರರ ಜಾತ್ರೆ. ಹೋಳಿಯ ಆಸುಪಾಸಿನಲ್ಲಿ ರಥ ಎಳೆಯುವ ದಿನ ಜನ ಉತ್ತತ್ತಿ, ಬಾಳೆಹಣ್ಣು ಹಿಡಿದು ತೇರಿನ ಕಳಸಕ್ಕೆ ಗುರಿಯಿಟ್ಟು ಎಸೆಯುತ್ತಾರೆ. ಎಸೆಯುವವರು ಸಾವಿರಾರು ಮಂದಿ. ಹೆಚ್ಚಿನವರ ಹಣ್ಣು ತೇರಿನ ನಡುವಿಗೂ ಮುಟ್ಟುವುದಿಲ್ಲ, ಎದುರಿಗಿದ್ದವರ ತಲೆಗೆ ಮುಟ್ಟುತ್ತದೆ. ಕಳಸದ ಎತ್ತರಕ್ಕೆ ಹೋಗುವುದು ಎಲ್ಲೋ ಕೆಲವರ ಕೈಯ ಬಲ ಮಾತ್ರ. ಈಗ ಅಲ್ಲಿರುವ ಪ್ರತಿಯೊಬ್ಬರ ತೋಳಿಗೂ ಒಂದಿಷ್ಟು, ನೂರಕ್ಕೆ ಮೂರರಷ್ಟೇ, ಹೆಚ್ಚು ಕಸುವು ಬಂತು ಎಂದುಕೊಳ್ಳಿ. ಗುಂಪನ್ನು ನೋಡಿದರೆ ಯಾವ ಬದಲಾವಣೆಯೂ ಕಾಣುವುದಿಲ್ಲ. ಆದರೆ ಸ್ವಲ್ಪದರಲ್ಲಿ ತಪ್ಪಿಸಿಕೊಳ್ಳುತ್ತಿದ್ದವರೆಲ್ಲ ಈಗ ಕಳಸ ಮುಟ್ಟುತ್ತಾರೆ. ಮೊದಲು ನೂರು ಮಂದಿಯದು ಮುಟ್ಟುತ್ತಿದ್ದರೆ ಈಗ ಇನ್ನೂರು. ಕಳಸದ ಎತ್ತರಕ್ಕೆ ರಸಾಯನಶಾಸ್ತ್ರದಲ್ಲಿ ಸಕ್ರಿಯಣ ಶಕ್ತಿ ಎಂದು ಹೆಸರು. ಅಣುಗಳು ಡಿಕ್ಕಿ ಹೊಡೆದರೆ ಸಾಲದು, ಆ ಎತ್ತರ ದಾಟುವಷ್ಟು ಬಲದಿಂದ, ಸರಿಯಾದ ಮಗ್ಗುಲಿನಿಂದ ಹೊಡೆಯಬೇಕು. ದಿಕ್ಕು ತಪ್ಪಿದ ಉತ್ತತ್ತಿ ಎಷ್ಟು ಎತ್ತರಕ್ಕೆ ಹೋದರೂ ಕಳಸಕ್ಕೆ ಸಲ್ಲುವುದಿಲ್ಲ.

ಉಳಿದ ಅಂಶಗಳೂ ಇದೇ ಜಾತ್ರೆಯಲ್ಲಿ ಸಿಗುತ್ತವೆ. ಜನ ಹೆಚ್ಚಾದಷ್ಟೂ ಕಳಸ ಮುಟ್ಟುವ ಹಣ್ಣುಗಳು ಹೆಚ್ಚು, ಅದು ಸಾರತೆ. ಯಾರೋ ಚುರುಕಿನ ಹುಡುಗರು ಪಕ್ಕದ ಮನೆಯ ಮಾಳಿಗೆ ಹತ್ತಿ ಅಲ್ಲಿಂದ ಎಸೆಯುತ್ತಾರೆ. ಅವರ ತೋಳಿನ ಬಲ ಹೆಚ್ಚಿಲ್ಲ, ತೇರೂ ಗಿಡ್ಡವಾಗಿಲ್ಲ; ಏರಬೇಕಾದ ಎತ್ತರ ಮಾತ್ರ ಕಡಿಮೆಯಾಯಿತು. ಅದು ವೇಗವರ್ಧಕ. ಜಾತ್ರೆ ಮುಗಿದ ಮೇಲೆ ಮಾಳಿಗೆ ಇದ್ದಲ್ಲೇ ಇರುತ್ತದೆ, ಖರ್ಚಾಗುವುದಿಲ್ಲ. ಹೋಲಿಕೆಯನ್ನು ಇನ್ನೂ ಎಳೆದರೆ ಹರಿಯುತ್ತದೆ, ಇಲ್ಲಿಗೇ ಬಿಡುತ್ತೇನೆ.

ಪಠ್ಯಪುಸ್ತಕಗಳ ಮೇಲೆ ನನಗೆ ಒಂದು ದೂರಿದೆ. ಅವು ಕ್ರಿಯೆಯ ವೇಗವನ್ನು ಹೆಚ್ಚಿಸುವುದು ಹೇಗೆ ಎಂದೇ ಕೇಳುತ್ತವೆ. ಪುಡಿ ಮಾಡು, ಕಾಯಿಸು, ಕಲಕು. ನಮ್ಮ ಸೀಮೆಯ ಬದುಕು ವರ್ಷದ ಅರ್ಧ ಭಾಗ ಕೇಳುವುದು ಇದರ ತಿರುವುಮುರುವನ್ನು: ತಾನಾಗಿಯೇ ಓಡುತ್ತಿರುವುದನ್ನು ತಡೆದು ನಿಲ್ಲಿಸುವುದು ಹೇಗೆ?

ಅವ್ವ ಬೇಸಗೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ನೋಡಬೇಕು. ಚಳಿಗಾಲದಲ್ಲಿ ಒಂದು ಚಮಚ ಮಜ್ಜಿಗೆ ಹಾಕಿ ಪಾತ್ರೆಗೆ ಹಳೆಯ ಕೌದಿ ಸುತ್ತಿ ಒಲೆಯ ಪಕ್ಕ ಮಲಗಿಸುತ್ತಿದ್ದವಳು, ಮೇ ತಿಂಗಳಲ್ಲಿ ಬೆರಳ ತುದಿಗೆ ಹತ್ತಿದಷ್ಟೇ ಹೆಪ್ಪು ಮುಟ್ಟಿಸಿ, ಪಾತ್ರೆಯನ್ನು ನೀರು ತುಂಬಿದ ಪರಾತದಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚುತ್ತಾಳೆ. ಸಾರತೆ ತಗ್ಗಿಸಿದಳು, ತಾಪಮಾನವನ್ನೂ ತಗ್ಗಿಸಿದಳು. ಇದು ಬರೀ ರಸಾಯನ ಕ್ರಿಯೆಯಲ್ಲ, ಜೀವಾಣುಗಳ ಕೆಲಸ ಎಂಬುದು ನಿಜ. ಅದಕ್ಕೇ ಇಲ್ಲಿ ಹತ್ತು ಡಿಗ್ರಿಯ ಲೆಕ್ಕ ಒಂದು ಹಂತದ ಮೇಲೆ ಕೈಕೊಡುತ್ತದೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಬೇಗ ಮೊಸರಾಗುವುದಿಲ್ಲ, ಮೊಸರೇ ಆಗುವುದಿಲ್ಲ. ಜೀವಾಣುಗಳೂ ಅವುಗಳ ಕಿಣ್ವಗಳೂ ಬೆಂದು ಹೋಗಿರುತ್ತವೆ. ಇದನ್ನು ನಾನು ಅವ್ವನಿಗೆ ಒಮ್ಮೆ ಉತ್ಸಾಹದಿಂದ ವಿವರಿಸಿದ್ದೆ. "ತಮ್ಮಾ, ಕಿರುಬೆರಳು ತಾಳುವಷ್ಟು ಬಿಸಿ ಇರಬೇಕು, ಅಷ್ಟೇ" ಎಂದಳು. ಅವಳ ವಿವರಣೆ ನನ್ನದಕ್ಕಿಂತ ಚಿಕ್ಕದು, ಅಳೆಯಲು ಉಪಕರಣವೂ ಬೇಡ.

ಬೇಳೆಯ ವಿಷಯದಲ್ಲಿ ಮಾತ್ರ ಎಲ್ಲರಿಗೂ ಅವಸರ. ತೊಗರಿಯ ನಾಡಿನವರಾದ ನಮಗೆ ಬೇಳೆ ಬೇಯುವುದು ಊರ ಗೌರವದ ಪ್ರಶ್ನೆ. 2019ರಲ್ಲಿ ಗುಲಬರ್ಗಾ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಮೇಲೆ ಆ ಗೌರವಕ್ಕೆ ಸರ್ಕಾರದ ಮೊಹರೂ ಬಿದ್ದಿದೆ. ಬಯಲಲ್ಲಿ ನೀರು 100 ಡಿಗ್ರಿಯ ಆಸುಪಾಸು ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಕುಕ್ಕರ್ ಒಳಗೆ ಒತ್ತಡ ಏರಿ ಅದು ಸುಮಾರು 120ಕ್ಕೆ ಹೋಗುತ್ತದೆ. ಇಪ್ಪತ್ತು ಡಿಗ್ರಿ ಎಂದರೆ ಎರಡರ ಎರಡು ಪಟ್ಟು, ನಾಲ್ಕು. ಮುಕ್ಕಾಲು ಗಂಟೆಯ ಕೆಲಸ ಹತ್ತು ಹನ್ನೆರಡು ನಿಮಿಷಕ್ಕೆ ಮುಗಿಯುವ ಗುಟ್ಟು ಇದು. ಆದರೂ ಹೊಸ ಬಡಾವಣೆಗೆ ಮನೆ ಬದಲಿಸಿದ ವರ್ಷ ನಮ್ಮ ಬೇಳೆ ಬೇಯುವುದನ್ನೇ ಬಿಟ್ಟಿತ್ತು. ಹೆಂಡತಿ ಅಂಗಡಿಯವನನ್ನು ಬೈದಳು, ಬೇಳೆ ಬದಲಿಸಿದಳು, ಕುಕ್ಕರಿನ ರಬ್ಬರ್ ಬದಲಿಸಿದಳು. ತಪ್ಪು ಬೋರ್‌ವೆಲ್ ನೀರಿನದು. ಸುಣ್ಣದ ಕಲ್ಲಿನ ಪದರಗಳ ನಡುವಿನಿಂದ ಬರುವ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕರಗಿರುತ್ತದೆ. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಅಂಟು ಕ್ಯಾಲ್ಸಿಯಂ ಸಿಕ್ಕಿತೆಂದರೆ ಇನ್ನಷ್ಟು ಬಿಗಿಯಾಗುತ್ತದೆ. ಬೇಯುವುದೆಂದರೆ ಆ ಅಂಟು ಸಡಿಲವಾಗುವುದು ತಾನೆ? ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಆದರೆ ಬಿ1 ಜೀವಸತ್ವವೂ ಹೋಗುತ್ತದೆ, ರುಚಿಯೂ ಹೋಗುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಬೇಳೆಗೆ ಬೇರೆ ನೀರು.

ಆ ಸುಣ್ಣದ ಕಲ್ಲು ನಮ್ಮ ಕಾಲ ಕೆಳಗೇ ಇದೆ. ಶಹಾಬಾದಿನ ಫರಸಿಯಾಗಿ ಮನೆಯ ನೆಲದಲ್ಲಿದೆ, ಸೇಡಂ, ಚಿತ್ತಾಪುರದ ಕಡೆ ಸಿಮೆಂಟಾಗಿ ಚೀಲ ಸೇರುತ್ತದೆ. ಮೇಲ್ಮೈ ವಿಸ್ತೀರ್ಣವೆಂದರೆ ಏನು ಎಂದು ನನಗೆ ಮೈಮುಟ್ಟಿ ಕಲಿಸಿದ್ದು ಈ ಸಿಮೆಂಟು; ಕಲಿಕೆಗೆ ತಗುಲಿದ ಶುಲ್ಕ ನಮ್ಮ ಮನೆಯ ಸ್ಲ್ಯಾಬು.

ಕಲ್ಲನ್ನು ಜೇಡಿಯೊಂದಿಗೆ ಬೀಸಿ 1450 ಡಿಗ್ರಿಯ ಭಟ್ಟಿಯಲ್ಲಿ ಸುಟ್ಟಾಗ ಬರುವುದು ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳು. ಆ ಉಂಡೆಯನ್ನು ನೀರಿಗೆ ಹಾಕಿದರೆ ಸುಮ್ಮನೆ ಕೂತಿರುತ್ತದೆ. ಅದನ್ನೇ ಹಿಟ್ಟಿಗಿಂತ ನುಣ್ಣಗೆ ಬೀಸಿದರೆ ಸಿಮೆಂಟು. ಒಳಗಿನ ವಸ್ತು ಅದೇ, ನೀರಿಗೆ ತೋರಿಸುವ ಮುಖ ಮಾತ್ರ ಬೇರೆ. ಒಂದು ಕಿಲೋ ಸಿಮೆಂಟಿನ ಕಣಗಳ ಹೊರಮೈಯನ್ನೆಲ್ಲ ಕೂಡಿಸಿದರೆ 225 ಚದರ ಮೀಟರಿಗಿಂತ ಕಡಿಮೆ ಇರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಐವತ್ತು ಕಿಲೋದ ಒಂದು ಚೀಲಕ್ಕೆ ಲೆಕ್ಕ ಹಾಕಿ ನೋಡಿದೆ: 11,250 ಚದರ ಮೀಟರ್. ಎಂದರೆ ಎರಡೂಮುಕ್ಕಾಲು ಎಕರೆ! ಅಪ್ಪನ ಪಾಲಿಗೆ ಬಂದಿದ್ದ ಹೊಲ ಎರಡೂವರೆ ಎಕರೆ. ಅದಕ್ಕಿಂತ ದೊಡ್ಡ ಜಮೀನನ್ನು ಕೂಲಿಯ ಹುಡುಗ ಹೆಗಲ ಮೇಲೆ ಹೊತ್ತು ಏಣಿ ಹತ್ತುತ್ತಾನೆ.

ಅಷ್ಟು ದೊಡ್ಡ ಮೈ ನೀರಿಗೆ ತೆರೆದುಕೊಂಡರೆ ಕ್ರಿಯೆ ಓಡದೆ ಇರುತ್ತದೆಯೇ? ಸಿಮೆಂಟಿನಲ್ಲಿರುವ ಅಲ್ಯುಮಿನೇಟ್ ಭಾಗವಂತೂ ನೀರು ಕಂಡ ಕೂಡಲೇ ಬಿಗಿದುಕೊಳ್ಳುವ ಜಾತಿ. ಹಾಗೇ ಬಿಟ್ಟರೆ ಕಲಸುವ ಸಲಿಕೆಯೇ ಅದರಲ್ಲಿ ಸಿಕ್ಕಿಕೊಳ್ಳಬೇಕು. ಅದಕ್ಕಾಗಿ ಕ್ಲಿಂಕರ್ ಬೀಸುವಾಗಲೇ ನೂರಕ್ಕೆ ಮೂರರಿಂದ ಐದರಷ್ಟು ಜಿಪ್ಸಂ ಸೇರಿಸುತ್ತಾರೆ, ವೇಗ ಹೆಚ್ಚಿಸಲು ಅಲ್ಲ, ತಗ್ಗಿಸಲು. ಇಷ್ಟೆಲ್ಲ ಖರ್ಚು ಮಾಡಿ ಚುರುಕಾಗಿಸಿದ ಪುಡಿಗೆ ಕೊನೆಯಲ್ಲಿ ಲಗಾಮು ಹಾಕುವುದು ನನಗೆ ಬಹಳ ಇಷ್ಟವಾದ ಸಂಗತಿ. ಆ ಲಗಾಮಿನಿಂದ ಗೌಂಡಿಗೆ ಕನಿಷ್ಠ ಅರ್ಧ ಗಂಟೆಯ ಬಿಡುವು ಸಿಗುತ್ತದೆ. ಮಾನಕವೇ ಅಷ್ಟು ಬಿಡುವು ಇರಬೇಕೆಂದು ವಿಧಿಸಿದೆ. ಆದರೆ ಆ ಅರ್ಧ ಗಂಟೆ ಯಾವ ಕೋಣೆಯದು? ಪರೀಕ್ಷೆ ನಡೆಯುವುದು 27 ಡಿಗ್ರಿಯ ಪ್ರಯೋಗಶಾಲೆಯಲ್ಲಿ. ನಮ್ಮ ಸ್ಲ್ಯಾಬು ಬಿದ್ದದ್ದು ಮೇ ತಿಂಗಳ ಬಿಸಿಲಲ್ಲಿ.

ಗೌಂಡಿ ಮೊದಲೇ ಹೇಳಿದ್ದರು. "ಸರ್, ನಸುಕಿನಲ್ಲಿ ಶುರು ಮಾಡಿ ಹತ್ತು ಗಂಟೆಯೊಳಗೆ ಮುಗಿಸೋಣ. ಇಲ್ಲವಾದರೆ ಸಂಜೆ ಮಾಡೋಣ." ಜಲ್ಲಿಯ ರಾಶಿಗೆ ಹಿಂದಿನ ರಾತ್ರಿ ನೀರು ಹೊಡೆದು ತಣಿಸಬೇಕು ಎಂದೂ ಹೇಳಿದ್ದರು. ನನಗೆ ಮಿಕ್ಸರ್ ಯಂತ್ರದ ಬಾಡಿಗೆಯ ಚಿಂತೆ, ಮರುದಿನ ಮೌಲ್ಯಮಾಪನದ ಕೆಲಸ. ಹನ್ನೊಂದಕ್ಕೆ ಶುರುವಾಗಿ ಮೂರಕ್ಕೆ ಮುಗಿಯಿತು. ಹಾಕಿದ ಮಾಲು ಹರಡುವುದರೊಳಗೆ ಬಿಗಿಯತೊಡಗಿತ್ತು. ಹುಡುಗರು ನನ್ನ ಕಣ್ಣು ತಪ್ಪಿಸಿ ಮತ್ತೆ ಮತ್ತೆ ನೀರು ಸುರಿದು ಸಡಿಲ ಮಾಡಿದರು. ಮೇಲಿನಿಂದ ಬಿಸಿಗಾಳಿ ತೇವವನ್ನು ಹೀರಿಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಮೇಲ್ಮೈಯಲ್ಲಿ ಬೇಸಗೆಯ ಎರೆಹೊಲದಲ್ಲಿ ಬಿಡುವಂಥ ಸಣ್ಣ ಬಿರುಕುಗಳು. ಗೌಂಡಿ ಏನೂ ಅನ್ನಲಿಲ್ಲ. ಬಿರುಕಿಗೆ ಸಿಮೆಂಟಿನ ಹಾಲು ಸವರಿ, ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಮನೆಗೆಲಸ ಮುಗಿದ ಮೇಲೆ ಒಂದು ದಿನ ಕೇಳಿದರು: "ಸರ್, ನೀವು ಕಾಲೇಜಿನಲ್ಲಿ ಏನು ಪಾಠ ಮಾಡುತ್ತೀರಿ?" ನಾನು ಹೇಳಿದೆ. ಅವರು ತಲೆಯಾಡಿಸಿದರು. ಇವತ್ತಿಗೂ ಮಳೆಗಾಲದಲ್ಲಿ ಹಿಂದಿನ ಕೋಣೆಯ ಮೂಲೆಯಲ್ಲಿ ಒಂದು ಬಕೆಟ್ ಇಡುತ್ತೇವೆ.

ಅದೇ ಕಲ್ಲಿನಿಂದ ಹಿಂದಿನವರು ಸುಣ್ಣ ಸುಡುತ್ತಿದ್ದರು. ಹದವಾಗಿ ಸುಟ್ಟ ಸುಣ್ಣದ ಕಲ್ಲಿನ ಮೈತುಂಬ ಸಣ್ಣ ರಂಧ್ರಗಳು. ನೀರು ಸುರಿದರೆ ಬುಸುಗುಟ್ಟಿ ಅರಳುತ್ತದೆ. ಅತಿಯಾಗಿ ಸುಟ್ಟದ್ದು ರಂಧ್ರ ಮುಚ್ಚಿಕೊಂಡು ಮಂಕಾಗುತ್ತದೆ, ಅರಳಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅರಳಿ ಗಿಲಾವನ್ನು ಉದುರಿಸಿದ್ದೂ ಉಂಟು. ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದಂತೂ ಯಾರ ಅವಸರಕ್ಕೂ ಸಿಗದ ಕ್ರಿಯೆ. ನಮ್ಮ ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಕಮಾನುಗಳ ಕೆಳಗೆ ನಿಂತಾಗಲೆಲ್ಲ ಈ ನಿಧಾನವನ್ನು ನೆನೆಯುತ್ತೇನೆ.

ನಿಧಾನದ ಇನ್ನೊಂದು ತುದಿ ನೋಡಬೇಕೆಂದರೆ ಬೀದರಿಗೆ ಹೋಗಬೇಕು. 1472ರಲ್ಲಿ ಕಟ್ಟಿದ ಮಹಮೂದ್ ಗಾವಾನರ ಮದರಸಾಕ್ಕೆ ಇಂದು ಒಂದೇ ಮಿನಾರು. ಹದಿನೇಳನೆಯ ಶತಮಾನದ ಕೊನೆಗೆ ಅಲ್ಲಿ ಸಿಡಿಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಇದ್ದಿಲು, ಗಂಧಕ, ಪೆಟ್ಲುಪ್ಪು: ಮೂರನ್ನೂ ಗಟ್ಟಿಗಳಾಗಿ ಒಂದರ ಪಕ್ಕ ಒಂದು ಇಟ್ಟರೆ ಹೆಚ್ಚೆಂದರೆ ಹೊಗೆಯಾಡೀತು. ನುಣ್ಣಗೆ ಅರೆದು ಒಂದರೊಳಗೊಂದು ಬೆರೆಸಿದರೆ ಮಿನಾರು ಉರುಳುತ್ತದೆ. ಕುಪ್ಪಿಯಲ್ಲಿ ನನ್ನ ಗುರುತನ್ನು ಮೆಲ್ಲಗೆ ಮರೆಮಾಡಿದ್ದೂ ಗಂಧಕವೇ.

ಆ ಮದರಸಾದಿಂದ ನಡೆದು ಹೋಗುವಷ್ಟು ದೂರದಲ್ಲಿ ಬಿದರಿ ಕೆಲಸಗಾರರ ಅಂಗಡಿಗಳಿವೆ. ಪ್ರತಿವರ್ತಕಗಳ ಸ್ವಭಾವ ಎಂಬ ಒಣ ಮಾತಿಗೆ ಅಲ್ಲಿಗಿಂತ ಚೆಂದದ ಉದಾಹರಣೆಯನ್ನು ನಾನು ಕಂಡಿಲ್ಲ. ಬಿದರಿಯ ಲೋಹ ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು ಅರದಿಂದ ಉಜ್ಜಿದಾಗ ಬೆಳ್ಳಗಿರುತ್ತದೆ. ಮೈಲುತುತ್ತದ, ಎಂದರೆ ತಾಮ್ರದ ಸಲ್ಫೇಟಿನ, ನೀರು ಸವರಿದರೆ ನೋಡುನೋಡುತ್ತಿದ್ದಂತೆ ಕಪ್ಪಾಗುತ್ತದೆ, ಸತು ತಾಮ್ರವನ್ನು ದ್ರಾವಣದಿಂದ ಹೊರಕ್ಕೆ ತಳ್ಳಿದ್ದರ ಗುರುತು ಅದು. ಈ ಕಪ್ಪು ಬಾಳುವುದಿಲ್ಲ, ಬಾಳಬೇಕಾಗಿಯೂ ಇಲ್ಲ. ಉಳಿಯ ಮೊನೆಯಿಂದ ಎಳೆದ ಬಳ್ಳಿ ಹೂವು ಕಣ್ಣಿಗೆ ಕಂಡರೆ ಸಾಕು. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂಡಿಸಿ ಉಜ್ಜಿದ ಮೇಲೆ ಎರಡನೆಯ ಕಪ್ಪಿನ ಸರದಿ. ಬಿಸಿಲು ಮಳೆ ಕಾಣದ ಕೋಟೆಯ ಮೂಲೆಗಳ ಮಣ್ಣು, ನವಸಾಗರ, ನೀರು ಕಲಸಿ, ಮೆಲ್ಲಗೆ ಕಾಯಿಸಿದ ಪಾತ್ರೆಗೆ ಹಚ್ಚುತ್ತಾರೆ. ಸತು ತಾಮ್ರದ ಮೈ ಇದ್ದಿಲಿನಂತೆ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಒಂದೇ ಬಿಸಿ, ಒಂದೇ ಮಣ್ಣು, ಅದೇ ಹೊತ್ತು. ಒಂದು ಲೋಹ ಓಗೊಟ್ಟಿತು, ಪಕ್ಕದ್ದು ಕೇಳಿಸಿಕೊಳ್ಳಲೇ ಇಲ್ಲ. ಈ ವ್ಯತ್ಯಾಸವನ್ನೇ ಮಾರಿ ಒಂದು ಊರಿನ ಕುಶಲಕರ್ಮಿಗಳು ಶತಮಾನಗಳಿಂದ ಬದುಕಿದ್ದಾರೆ.

ನಾನು ನೋಡಿದ ಉಸ್ತಾದರು ಮಣ್ಣನ್ನು ನಾಲಿಗೆಯ ತುದಿಗೆ ತಾಗಿಸಿ ಆರಿಸುತ್ತಿದ್ದರು. ಎಷ್ಟು ಹೊತ್ತು ಬಿಡಬೇಕು ಎಂದು ಕೇಳಿದೆ. "ಆಗುವವರೆಗೆ" ಎಂದರು. ಬೇಸಗೆಯಲ್ಲಿ ಬೇಗ ಆಗುತ್ತದೆಯೇ ಎಂದು ಕೆದಕಿದೆ. ನಕ್ಕರು. "ಮೇಷ್ಟ್ರೇ, ಒಲೆಯ ಮುಂದೆ ಕೂತವನಿಗೆ ಬೇಸಗೆ ಎಲ್ಲಿಯದು?" ಅವರ ಕೋಣೆಯ ತಾಪಮಾನವನ್ನು ಅವರೇ ನಿಗದಿ ಮಾಡುತ್ತಾರೆ ಎಂಬುದು ಬಸ್ಸಿನಲ್ಲಿ ಬರುವಾಗ ಹೊಳೆಯಿತು.

ವೇಗವರ್ಧಕದ ಬಗ್ಗೆ ಒಂದು ಮಾತು ಉಳಿಯಿತು. ಈ ಕಲ್ಪನೆಗೆ 1835ರಲ್ಲಿ ಹೆಸರಿಟ್ಟವರು ಬರ್ಜೀಲಿಯಸ್, ಅವರೂ ಸ್ವೀಡನ್ನಿನವರೇ. ಅಮೋನಿಯಾ ತಯಾರಿಕೆಯ ಕಬ್ಬಿಣ, ಹೈಡ್ರೋಜನ್ ಪೆರಾಕ್ಸೈಡಿಗೆ ಹಾಕಿದ ಆಲೂಗಡ್ಡೆಯ ಹೋಳು, ಇವೆಲ್ಲ ಪುಸ್ತಕದಲ್ಲಿವೆ. ಪುಸ್ತಕದಲ್ಲಿಲ್ಲದ್ದು ಬೀದರ ಜಿಲ್ಲೆಯ ಬೆಲ್ಲದ ಗಾಣ. ಕಡಿದ ಕಬ್ಬನ್ನು ಯಾಕೆ ಅಷ್ಟು ಗಡಿಬಿಡಿಯಿಂದ ಅರೆಯುತ್ತಾರೆ, ಕೊಪ್ಪರಿಗೆಯ ಹಾಲಿಗೆ ಯಾಕೆ ಸುಣ್ಣದ ತಿಳಿ ಹಾಕುತ್ತಾರೆ? ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಆಮ್ಲವೇ ವೇಗವರ್ಧಕವಾಗಿ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸುಗಳಾಗಿ ಒಡೆಯುತ್ತದೆ. ಕಡಿದಿಟ್ಟ ಕಬ್ಬಿನೊಳಗಿನ ಕಿಣ್ವವೂ ಅದೇ ಕೆಲಸಕ್ಕೆ ಇಳಿಯುತ್ತದೆ. ಒಡೆದ ಸಕ್ಕರೆ ಹೆಚ್ಚಾದರೆ ಪಾಕ ಎಷ್ಟು ಕಾಯಿಸಿದರೂ ಅಚ್ಚಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಬೆಲ್ಲ ಬೆವರುತ್ತದೆ. ಸುಣ್ಣ ಆಮ್ಲವನ್ನು ತಣಿಸುತ್ತದೆ. ಜರ್ಮನಿಯ ವಿಲ್ಹೆಲ್ಮಿ 1850ರಲ್ಲಿ ಸಕ್ಕರೆಯ ದ್ರಾವಣಕ್ಕೆ ಆಮ್ಲ ಹಾಕಿ, ಅದರ ಮೂಲಕ ಬೆಳಕು ಹಾಯಿಸಿ, ಒಂದು ರಾಸಾಯನಿಕ ಕ್ರಿಯೆಯ ವೇಗವನ್ನು ಮೊದಲ ಬಾರಿಗೆ ಲೆಕ್ಕದಲ್ಲಿ ಹಿಡಿದದ್ದು ಇದೇ ಕ್ರಿಯೆಯಲ್ಲಿ. ಇಡೀ ಶಾಸ್ತ್ರ ಹುಟ್ಟಿದ್ದು ಬೆಲ್ಲ ಕೆಡುವ ಕ್ರಿಯೆಯಿಂದ ಎಂದು ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚೂ ಎದ್ದು ಕೂರುತ್ತದೆ.

ಹೋದ ತಿಂಗಳು ಅವ್ವನ ಟ್ರಂಕು ಖಾಲಿ ಮಾಡುವಾಗ ಪದವಿಯ ದಿನಗಳ ಆ ಪ್ರಯೋಗ ಪುಸ್ತಕ ಸಿಕ್ಕಿತು. ಪರೀಕ್ಷೆಯ ಹಾಳೆಗಳನ್ನೂ ಅದರಲ್ಲೇ ಹೊಲಿದಿದ್ದರು. ಕಾಗದದೊಳಗಿನ ಆಮ್ಲ ಇಷ್ಟು ವರ್ಷ ನಾರನ್ನು ತುಂಡರಿಸುತ್ತಲೇ ಇದೆ. ಹಾಳೆ ಹಳದಿಯಾಗಿ ಅಂಚು ಹಪ್ಪಳದಂತೆ ಮುರಿಯುತ್ತದೆ. ಕೆಂಪು ಗೆರೆ ಹಾಗೇ ಇದೆ. ಅದನ್ನು ನೋಡಿ ಹಳೆಯ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಕೋಷ್ಟಕದಲ್ಲಿ ಮೊದಲ ಸಾಲು "ತಾಪಮಾನ" ಎಂದಿದೆ, ಮುಂದಿನ ಜಾಗ ಖಾಲಿ. ನಾನು ಬರೆದೇ ಇರಲಿಲ್ಲ. ಎಷ್ಟು ಡಿಗ್ರಿಯಲ್ಲಿ ಎಂದು ಹೇಳದ 25 ಸೆಕೆಂಡಿಗೆ ಅರ್ಥವಿಲ್ಲ. ಪರೀಕ್ಷಕರು ಕೇಳಿದ ಪ್ರಶ್ನೆ ತಪ್ಪಾಗಿರಬಹುದು, ಎಳೆದ ಗೆರೆ ತಪ್ಪಲ್ಲ.

ಮರುದಿನ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಅದೇ ಅಳತೆಯ ದ್ರಾವಣಗಳಿಂದ ಪ್ರಯೋಗ ಮಾಡಿದೆ. ಹಣ್ಣಿನ ರಸದ ಅಂಗಡಿಯಿಂದ ತಂದ ಮಂಜುಗಡ್ಡೆಯ ನಡುವೆ ಕುಪ್ಪಿಯಿಟ್ಟು 25 ಡಿಗ್ರಿಗೆ ಇಳಿಸಿದಾಗ 61 ಸೆಕೆಂಡು ಬಂತು. 30ರಲ್ಲಿ 44. 35ರಲ್ಲಿ 32. ನಳದ ನೀರನ್ನು ಹಾಗೆಯೇ ಬಳಸಿದಾಗ 40 ಇತ್ತು, 23 ಸೆಕೆಂಡಿಗೆ ಗುರುತು ಮರೆಯಾಯಿತು. ನಾಲ್ಕು ಚುಕ್ಕೆಗಳನ್ನು ನಕ್ಷೆಯ ಹಾಳೆಯಲ್ಲಿಟ್ಟು ಗೆರೆ ಎಳೆದೆವು. 25 ಸೆಕೆಂಡಿನ ಎದುರಿಗೆ ಗೆರೆ ಎಲ್ಲಿ ಹಾಯುತ್ತದೆ ಎಂದು ಹುಡುಗಿಯೊಬ್ಬಳು ಸ್ಕೇಲ್ ಇಟ್ಟು ನೋಡಿದಳು.

"ಸರ್, 39ಕ್ಕೆ ಒಂದು ಕೂದಲೆಳೆ ಕಡಿಮೆ."

ಮನೆಗೆ ಬಂದು ಆ ಹಳದಿ ಹಾಳೆಯ ಖಾಲಿ ಜಾಗದಲ್ಲಿ, ಕಾಗದ ಹರಿಯದಂತೆ ಕೈ ಹಗುರ ಮಾಡಿ, ಪೆನ್ಸಿಲಿನಿಂದ 39 ಎಂದು ಬರೆದೆ.